ನಿಲ್ಕುಂದ ಎಂಬ ನಮ್ಮ ಅಡ್ಡಹೆಸರು

ಮನುಕುಲದ ಮೂಲ ಒಬ್ಬ ಪುರುಷ ಮತ್ತು ಒಬ್ಬ ಸ್ತ್ರೀ. ಅವರ ಸಂತತಿಯು ಜನಾಂಗಗಳಾಗಿ, ಗೋತ್ರಗಳಾಗಿ ಹರಡಿದ್ದು ಒಬ್ಬರನ್ನೊಬ್ಬರು ಗುರುತಿಸಿಕೊಳ್ಳುವುದಕ್ಕಾಗಿಯೇ ಹೊರತು ಮೇಲು ಕೀಳು ಎಣಿಸುವುದಕ್ಕಲ್ಲ. ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 13ನೇ ಸೂಕ್ತ ನಮಗೆ ಕಲಿಸುವ ಪಾಠವಿದು. ಈ ಸೂಕ್ತವನ್ನು ನಾವೆಲ್ಲ ಜುಮಾ ಪ್ರವಚನಗಳಲ್ಲಿ ಅನೇಕ ಸಲ ಆಲಿಸಿದ್ದೇವೆ. ಆದರೆ ನಮ್ಮ ಮನೆಯ ಬಾಗಿಲಿಗೆ ಬರೆಸಿದ ಹೆಸರಿಗೂ ಈ ಸೂಕ್ತಕ್ಕೂ ಏನು ಸಂಬಂಧವೆಂದು ಕೇಳಿಕೊಂಡವರು ವಿರಳ.

ನಮ್ಮ ಕುಟುಂಬಕ್ಕೆ ‘ನಿಲ್ಕುಂದ’ ಎಂಬ ಅಡ್ಡಹೆಸರು. ಅದು ಸಿದ್ದಾಪುರ ತಾಲ್ಲೂಕಿನ ಘಟ್ಟದ ಮೇಲಿನ ಒಂದು ಹಳ್ಳಿ. ಅಡಿಕೆ ತೋಟ, ಬೆಟ್ಟ, ಕಾಡು, ನಡುವೆ ದೂರ ದೂರದ ಮನೆಗಳು. ನಮ್ಮ ಅಜ್ಜಂದಿರು ಆ ಭಾಗದ ತೋಟಿಗರಿಂದ ಅಡಿಕೆ ಮತ್ತು ಕಾಳುಮೆಣಸನ್ನು ಕೊಂಡು ಪೇಟೆಗೆ ಸಾಗಿಸುತ್ತಿದ್ದರು. ಪೇಟೆಯವರು ಅವರನ್ನು ‘ನಿಲ್ಕುಂದದವರು’ ಎಂದು ಕರೆದರು. ಶಾಲೆಯ ದಾಖಲೆಯಲ್ಲಿ ಕೊನೆಯ ‘ದವರು’ ಕಳಚಿ ಊರಿನ ಹೆಸರಷ್ಟೇ ಉಳಿಯಿತು. ನಾವು ಆರಿಸಿಕೊಂಡ ಹೆಸರಲ್ಲ ಅದು. ನೆರೆಹೊರೆಯವರು ನಮಗೆ ಕೊಟ್ಟದ್ದು.

ಈ ಸೀಮೆಯಲ್ಲಿ ಅಡ್ಡಹೆಸರು ಇಷ್ಟು ಗಟ್ಟಿಯಾಗಿ ಬೇರೂರಲು ಆಡಳಿತದ ಕಾರಣವೂ ಇದೆ. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅಲ್ಲಿಯೇ ಇತ್ತು. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಭಾಗದ ರೂಢಿ ಮುಂಬಯಿ ಕಡೆಯ ಕಚೇರಿಗಳದು. ಸಿದ್ದಾಪುರದಿಂದ ಸಾಗರದ ಕಡೆ ಗಡಿ ದಾಟಿದರೆ ಹಳೆಯ ಮೈಸೂರು ಸಂಸ್ಥಾನ. ಅಲ್ಲಿನವರು ಊರು ಮತ್ತು ತಂದೆಯ ಹೆಸರನ್ನು ಮೊದಲಕ್ಷರಗಳಲ್ಲಿ ಅಡಗಿಸಿ ಮುಂದಿಡುತ್ತಾರೆ. ಒಂದೇ ರಕ್ತದ ಎರಡು ಕವಲುಗಳು ಗಡಿಯ ಎರಡು ಬದಿಯಲ್ಲಿ ನೆಲೆಸಿದರೆ ಎರಡು ಬಗೆಯ ಹೆಸರು ಹೊತ್ತಿರುವುದು ಸಹಜ.

ಹೆಸರುಗಳ ಬೇರನ್ನು ಹುಡುಕುತ್ತ ಹೋದರೆ ಜಾತಿ ಮತಗಳ ಗೋಡೆ ತೆಳ್ಳಗಾಗುತ್ತದೆ. ನಮ್ಮ ನೆರೆಯ ಹೆಗಡೆಯವರ ಹೆಸರು ಹಳೆಯ ಶಾಸನಗಳ ‘ಪೆರ್ಗಡೆ’ ಎಂಬ ಅಧಿಕಾರಪದವಿಯಿಂದ ಬಂದದ್ದು. ಭಟ್ಕಳದ ನವಾಯತರಲ್ಲಿರುವ ‘ಶಾಬಂದ್ರಿ’ಯ ಹಿಂದೆ ಬಂದರಿನ ಅಧಿಕಾರಿಯನ್ನು ಸೂಚಿಸುವ ‘ಶಾಹ್ ಬಂದರ್’ ಎಂಬ ಪಾರ್ಸಿ ಪದವಿದೆ. ಖಾಜಿ, ಖತೀಬ, ಮುಲ್ಲಾ ಎಂಬವು ಧರ್ಮಸೇವೆಯ ಹುದ್ದೆಗಳು. ನದಾಫ ಹತ್ತಿ ಹಿಂಜಿದವನು, ಅತ್ತಾರ ಸುಗಂಧ ಮಾರಿದವನು, ಮಣಿಯಾರ ಬಳೆ ತೊಡಿಸಿದವನು, ಬಾಗವಾನ ಹಣ್ಣು ಹಂಪಲು ಮಾರಿದವನು. ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿರುವ ಸಿದ್ದಿಗಳು ಆಫ್ರಿಕಾ ಮೂಲದವರು. ಅವರಲ್ಲಿ ಮುಸ್ಲಿಮರೂ ಹಿಂದೂಗಳೂ ಕ್ರೈಸ್ತರೂ ಇದ್ದಾರೆ. ಅವರ ಹೆಸರನ್ನು ‘ನನ್ನ ಒಡೆಯ’ ಎಂಬರ್ಥದ ಅರಬಿಯ ‘ಸಯ್ಯಿದೀ’ ಪದದೊಂದಿಗೆ ವಿದ್ವಾಂಸರು ಜೋಡಿಸುತ್ತಾರೆ. ಗುಲಾಮಗಿರಿಯ ನೋವನ್ನುಂಡ ಜನರ ಹೆಸರಿನಲ್ಲಿ ಒಡೆತನದ ಪದವೇ ನಿಂತಿದೆ!

ಊರ ಹೆಸರುಗಳೂ ಹೀಗೆಯೇ ಬದಲಾಗುತ್ತ ಬಂದಿವೆ. ಸಿದ್ದಾಪುರ ತಾಲ್ಲೂಕಿನ ಬಿಳಗಿಯನ್ನು ಪಂಡಿತರು ‘ಶ್ವೇತಪುರ’ ಎಂದು ಸಂಸ್ಕೃತಕ್ಕೆ ತಂದರು. ಕೆಳದಿ ಅರಸರ ಬಿದನೂರು 1763ರಲ್ಲಿ ಹೈದರಲಿಯ ವಶವಾದ ಬಳಿಕ ಹೈದರನಗರವಾಯಿತು, ಇಂದು ಬರಿಯ ‘ನಗರ’. ನಿಲ್ಕುಂದದ ಕುರಿತೂ ಬಗೆಬಗೆಯ ವಿವರಣೆಗಳು ಹೊಳೆಯುತ್ತವೆ. ಒಬ್ಬರಿಗೆ ಅದರಲ್ಲಿ ‘ನಿಲ್ಲು’ ಎಂಬ ಧಾತು ಕೇಳಿಸಿದರೆ ಮತ್ತೊಬ್ಬರಿಗೆ ‘ನೀಲ’ ಕೇಳಿಸುತ್ತದೆ. ‘ಕುಂದ’ವಂತೂ ಕುಂದಾಪುರದಲ್ಲಿಯೂ ತೀರ್ಥಹಳ್ಳಿಯ ಕುಂದಾದ್ರಿಯಲ್ಲಿಯೂ ಇದೆ. ಕೇಳಲು ಇವೆಲ್ಲ ಇಂಪು. ಆದರೆ ಧ್ವನಿಯ ಹೋಲಿಕೆ ಸಾಕ್ಷ್ಯವಲ್ಲ. ಊರಿನ ಹೆಸರಿಗೆ ಕಥೆ ಕಟ್ಟುವುದು ನಿರಪಾಯಕಾರಿ ವಿನೋದವೆನ್ನಬಹುದು; ಮನೆತನಕ್ಕೆ ಕಥೆ ಕಟ್ಟುವುದು ಮಾತ್ರ ಹಾಗಲ್ಲ.

ಈ ಮಾತನ್ನು ನಾವು ಅನುಭವದಿಂದ ಹೇಳುತ್ತಿದ್ದೇವೆ. ಕೆಲವು ಕಾಲದ ಹಿಂದೆ ನಮ್ಮ ಮನೆಯ ಮಗಳಿಗೆ ದೂರದ ನಗರದಿಂದ ಸಂಬಂಧ ಬಂದಿತ್ತು. ಹುಡುಗ ಸಂಭಾವಿತ, ನಮಾಝಿನ ನಿಷ್ಠೆಯುಳ್ಳವನು. ಮಾತುಕತೆ ಮುಂದುವರಿದಂತೆ ಹಿರಿಯರೊಬ್ಬರು, ನಿಲ್ಕುಂದ ಎಂಬುದು ಊರಾಯಿತು, ನಿಮ್ಮ ಖಾಂದಾನ್ ಯಾವುದು ಎಂದು ಕೇಳಿದರು. ನಮ್ಮವರಲ್ಲೇ ಕೆಲವರು ರಾತ್ರಿ ಕುಳಿತು ಸಲಹೆ ಕೊಟ್ಟರು: ಸಿದ್ದೀಕಿ ಎನ್ನೋಣ, ಇಲ್ಲವೇ ಖುರೈಶಿ ಎನ್ನೋಣ, ಯಾರು ಪರೀಕ್ಷಿಸುತ್ತಾರೆ? ಗಲ್ಫ್‌ನಲ್ಲಿರುವ ಇಬ್ಬರು ಯುವಕರು ಹಳ್ಳಿಯ ಹೆಸರು ಕೆಲಸದ ಜಾಗದಲ್ಲಿ ಮುಜುಗರ ತರುತ್ತದೆಂದು ದನಿಗೂಡಿಸಿದರು.

ಅಂದು ನಾವು ಚರ್ಚಿಸಿದ್ದು ಝೈದ್ ಬಿನ್ ಹಾರಿಸ(ರ)ರ ವಿಷಯವನ್ನು. ಬಾಲ್ಯದಲ್ಲಿ ಅಪಹೃತರಾಗಿ ಗುಲಾಮರಾಗಿ ಮಾರಲ್ಪಟ್ಟ ಅವರನ್ನು ಪ್ರವಾದಿ(ಸ)ರು ಬಿಡುಗಡೆಗೊಳಿಸಿ ಮಗನಂತೆ ಸಾಕಿದರು. ಜನರು ಅವರನ್ನು ಝೈದ್ ಬಿನ್ ಮುಹಮ್ಮದ್ ಎಂದೇ ಕರೆಯುತ್ತಿದ್ದರು. ಒಬ್ಬ ಮನುಷ್ಯನಿಗೆ ಇದಕ್ಕಿಂತ ಮಿಗಿಲಾದ ಕುಲನಾಮ ಯಾವುದಿದೆ? ಆದರೆ ಅಲ್ ಅಹ್‌ಝಾಬ್ ಅಧ್ಯಾಯದ 5ನೇ ಸೂಕ್ತವು ದತ್ತಕರನ್ನು ಅವರವರ ತಂದೆಯಂದಿರ ಹೆಸರಿನಿಂದಲೇ ಕರೆಯಬೇಕೆಂದು ಆದೇಶಿಸಿದಾಗ ಅವರು ಮತ್ತೆ ಝೈದ್ ಬಿನ್ ಹಾರಿಸ ಆದರು. ಅವರ ಗೌರವ ಕಿಂಚಿತ್ತೂ ಕುಂದಲಿಲ್ಲ. ಸಹಾಬಿಗಳ ಪೈಕಿ ಕುರ್‌ಆನಿನಲ್ಲಿ ಹೆಸರು ಹಿಡಿದು ಉಲ್ಲೇಖಿಸಲ್ಪಟ್ಟವರು ಅವರೊಬ್ಬರೇ. ಪ್ರವಾದಿಯವರ ಹೆಸರನ್ನೇ ಸತ್ಯಕ್ಕಾಗಿ ಬಿಟ್ಟುಕೊಡಬೇಕಾಯಿತೆಂದ ಮೇಲೆ, ಮದುವೆಯ ಮಾತುಕತೆಗಾಗಿ ನಮ್ಮದಲ್ಲದ ಹೆಸರನ್ನು ಧರಿಸಲು ನಮಗೆ ಯಾವ ನ್ಯಾಯವಿದೆ? ಗೊತ್ತಿದ್ದೂ ಅನ್ಯರನ್ನು ತಂದೆಯೆಂದು ಹೇಳಿಕೊಳ್ಳುವುದರ ವಿರುದ್ಧ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಅತ್ಯಂತ ಕಠಿಣವಾದ ಎಚ್ಚರಿಕೆಗಳಿವೆ.

ಇನ್ನು ಊರಿನ ಹೆಸರು ಕೀಳೆಂಬ ಭಾವನೆಗೆ ಇಸ್ಲಾಮೀ ಚರಿತ್ರೆಯಲ್ಲಿ ಆಧಾರವೇ ಇಲ್ಲ. ಬಿಲಾಲ್(ರ) ಹಬಶಿ, ಸಲ್ಮಾನ್(ರ) ಫಾರ್ಸಿ, ಸುಹೈಬ್(ರ) ರೂಮಿ: ಮೂವರೂ ತಮ್ಮ ನಾಡಿನ ಗುರುತಿನಿಂದ ಪ್ರಸಿದ್ಧರು. ಹದೀಸ್ ಸಂಗ್ರಾಹಕರಾದ ಬುಖಾರಿಯವರು ಬುಖಾರಾದಿಂದ, ತಿರ್ಮಿದಿಯವರು ತಿರ್ಮಿದ್‌ನಿಂದ, ನಸಾಈಯವರು ನಸಾ ಪಟ್ಟಣದಿಂದ ಗುರುತಿಸಲ್ಪಟ್ಟರು. ಇವು ಮಕ್ಕಾ ಮದೀನಗಳಿಂದ ಬಹುದೂರದ ಊರುಗಳು. ಬುಖಾರಾದ ಹೆಸರಿಗೆ ಇಂದಿರುವ ಪ್ರಭೆಯಲ್ಲಿ ದೊಡ್ಡ ಪಾಲು ಅಲ್ಲಿಂದ ಹೊರಟ ವಿದ್ವಾಂಸರ ಪರಿಶ್ರಮದ್ದು. ಊರು ಮನುಷ್ಯನಿಗೆ ಹೆಸರು ಕೊಡುತ್ತದೆ. ಆ ಹೆಸರಿಗೆ ಮರ್ಯಾದೆ ತರುವ ಹೊಣೆ ಮನುಷ್ಯನದು.

ಮರುದಿನ ನಾವು ಇದ್ದದ್ದನ್ನು ಇದ್ದಂತೆ ತಿಳಿಸಿದೆವು: ನಮ್ಮ ಹಿರಿಯರು ನಿಲ್ಕುಂದದವರು, ಅಡಿಕೆ ವ್ಯಾಪಾರಿಗಳು, ಅದಕ್ಕಿಂತ ಹಿಂದಿನ ವಂಶವನ್ನು ನಾವು ಹೇಳಿಕೊಳ್ಳುವುದಿಲ್ಲ. ಆ ಸಂಬಂಧ ಕೂಡಿಬರಲಿಲ್ಲ. ಮನೆಯಲ್ಲಿ ಕೆಲವು ದಿನ ಮೌನ ಕವಿದಿತ್ತು. ಮಗಳ ತಾಯಿಯ ಕಣ್ಣು ಒದ್ದೆಯಾದುದನ್ನು ಎಲ್ಲರೂ ಕಂಡೆವು. ಮೌನ ಮುರಿದವಳು ಮಗಳೇ. ಸುಳ್ಳು ಹೆಸರಿನಿಂದ ಸಂಸಾರ ಆರಂಭಿಸಿದರೆ ಮುಂದೆ ಮಕ್ಕಳಿಗೂ ಅದೇ ಸುಳ್ಳನ್ನು ಕಲಿಸಬೇಕಾಗುತ್ತಿತ್ತಲ್ಲ ಎಂದಳು. ಆಕೆಯ ಮಾತಿಗೆ ನಾವು ಸೇರಿಸಬೇಕಾದದ್ದೇನೂ ಇರಲಿಲ್ಲ.

ಹೆಣ್ಣುಮಕ್ಕಳ ಹೆಸರಿನ ಬಗ್ಗೆಯೂ ನಾವು ಯೋಚಿಸಬೇಕಿದೆ. ಆಯಿಷಾ(ರ) ವಿವಾಹದ ನಂತರವೂ ಅಬೂಬಕರ್(ರ)ರ ಪುತ್ರಿಯೆಂದೇ, ಹಫ್ಸಾ(ರ) ಉಮರ್(ರ)ರ ಪುತ್ರಿಯೆಂದೇ ಕರೆಯಲ್ಪಟ್ಟರು. ನಮ್ಮಲ್ಲಿ ಮಾತ್ರ ಮದುವೆಯಾದೊಡನೆ ಹೆಣ್ಣಿನ ಅಡ್ಡಹೆಸರು ಬದಲಾಗಿ, ಶಾಲೆಯ ಪ್ರಮಾಣಪತ್ರದಲ್ಲೊಂದು, ಪಡಿತರ ಚೀಟಿಯಲ್ಲೊಂದು, ಪಾಸ್‌ಪೋರ್ಟಿನಲ್ಲೊಂದು ಹೆಸರಾಗಿ ಆಕೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಾಳೆ. ತಂದೆಯ ಹೆಸರನ್ನು ಉಳಿಸಿಕೊಳ್ಳುವುದು ಧರ್ಮಸಮ್ಮತವೂ ಹೌದು, ಅನುಕೂಲಕರವೂ ಹೌದು.

ಓದುಗರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯ ಹಿರಿಯರು ಇನ್ನೂ ನಿಮ್ಮೊಡನಿರುವಾಗಲೇ ಒಂದು ಪುಸ್ತಕ ತೆಗೆದಿಟ್ಟು ಅಜ್ಜ, ಮುತ್ತಜ್ಜಂದಿರ ಹೆಸರು, ಅವರ ಊರು, ಕಸುಬು ಬರೆದಿಡಿ. ಅಜ್ಜಿಯರ ಹೆಸರನ್ನು ಮರೆಯದೆ ಬರೆಯಿರಿ. ಮೊದಲು ಮರೆತುಹೋಗುವುದು ಅವರದೇ. ಗೊತ್ತಿಲ್ಲದ ಜಾಗವನ್ನು ಖಾಲಿ ಬಿಡಿ, ಅಲಂಕಾರದಿಂದ ತುಂಬಬೇಡಿ. ಪುನರುತ್ಥಾನದ ದಿನ ವಂಶದ ನಂಟು ಯಾರ ನೆರವಿಗೂ ಬಾರದೆಂದು ಕುರ್‌ಆನ್ ಎಚ್ಚರಿಸಿದೆ. ಅಂದು ನಮ್ಮ ಕರ್ಮಗಳನ್ನು ತೂಗಲಾಗುವುದು. ಇಲ್ಲಿರುವಷ್ಟು ದಿನ ಹೆಸರು ಗುರುತಿಗಾಗಿ ಇರಲಿ, ಆ ಗುರುತು ಸತ್ಯವಾಗಿರಲಿ.