ಓದು ನಿಂತರೆ ವೀಸಾ ಏನಾಗುತ್ತದೆ?

ನಮ್ಮಲ್ಲಿ ಹುಡುಗರು ಒಂದು ವರ್ಷ ಕಾಲೇಜು ಬಿಟ್ಟು ಮತ್ತೆ ಸೇರಿಕೊಳ್ಳುವುದು ಅಪರೂಪವೇನಲ್ಲ. ಆದರೆ ಅಮೆರಿಕದಲ್ಲಿ ಓದುವ ಮಕ್ಕಳು ಅಲ್ಲಿ ಇರುವುದಕ್ಕೆ ಓದೇ ಆಧಾರ. 2023ರ ಫೆಬ್ರವರಿಯಲ್ಲಿ ನಮ್ಮ ಅಣ್ಣನ ಕ್ಯಾನ್ಸರ್ ಕೈಮೀರಿದೆ ಎಂದು ವೈದ್ಯರು ಹೇಳಿದಾಗಲೇ ಮನೆಯವರಾದ ನಮಗೆ ಇದು ಅರ್ಥವಾದದ್ದು. ಅಣ್ಣನ ಮಗ ಅಲ್ಲಿ ಎಂ.ಎಸ್.ಗೆ ಸೇರಿ ಒಂದೇ ಸೆಮಿಸ್ಟರ್ ಮುಗಿಸಿದ್ದ.

"ನಾಳೆಯೇ ಹೊರಡುತ್ತೇನೆ" ಎಂದವನು ಮೊದಲು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ ವಿಚಾರಿಸಿದ. ಅವನು ಫೋನಿನಲ್ಲಿ ಹೇಳಿದ್ದನ್ನು ನಾವು ಬರೆದಿಟ್ಟುಕೊಂಡೆವು.

ವಿಶ್ವವಿದ್ಯಾಲಯ ಕೊಡುವ ರಜೆಯೇ ಬೇರೆ, ವಲಸೆ ಕಾನೂನಿನ ಒಪ್ಪಿಗೆಯೇ ಬೇರೆ. ಪಾಸ್‌ಪೋರ್ಟಿನಲ್ಲಿರುವ ಎಫ್-1 ವೀಸಾ ದೇಶದ ಬಾಗಿಲವರೆಗೆ ಮಾತ್ರ. ಒಳಗೆ ಉಳಿಯುವ ವಿಷಯ 'ಸೆವಿಸ್' ಎಂಬ ಸರಕಾರಿ ಕಂಪ್ಯೂಟರ್ ದಾಖಲೆಗೆ ಸೇರಿದ್ದು. ಕಚೇರಿಯ ಒಪ್ಪಿಗೆ ಪಡೆದು ಓದು ನಿಲ್ಲಿಸಿದರೆ ದೇಶ ಬಿಡಲು 15 ದಿನ. ತಿಳಿಸದೆ ತರಗತಿ ಬಿಟ್ಟರೆ ಒಂದು ದಿನವೂ ಇಲ್ಲ. ವಿದ್ಯಾರ್ಥಿಗೇ ಕಾಯಿಲೆಯಾದರೆ, ವೈದ್ಯರ ಪತ್ರದ ಮೇಲೆ ಅಲ್ಲೇ ಉಳಿದು, ಒಂದು ಹಂತದ ಓದಿನಲ್ಲಿ ಒಟ್ಟು 12 ತಿಂಗಳವರೆಗೆ ವಿನಾಯಿತಿ ಪಡೆಯಬಹುದು. ತಂದೆಯ ಕಾಯಿಲೆಗೆ ಆ ವಿನಾಯಿತಿ ಇಲ್ಲ. 5 ತಿಂಗಳೊಳಗೆ ಮರಳುವುದಾದರೆ ಹಳೆಯ ದಾಖಲೆಗೆ ಮತ್ತೆ ಜೀವ ಕೊಡಿಸಲು ಅವಕಾಶವುಂಟು. ಅದು ಮೀರಿದರೆ ಹೊಸ ಐ-20 ಪತ್ರ, ಮತ್ತೆ ಶುಲ್ಕ, ಹಲವರಿಗೆ ಹೊಸ ವೀಸಾ. ಓದಿಗೆ ಸಂಬಂಧಿಸಿದ ಕೆಲಸಕ್ಕೆ ಬೇಕಾದ ಒಂದು ಶೈಕ್ಷಣಿಕ ವರ್ಷದ ಲೆಕ್ಕವೂ ಮೊದಲಿನಿಂದ.

ಫೆಬ್ರವರಿಯಲ್ಲಿ ಬಂದು ಆಗಸ್ಟಿನಲ್ಲಿ ಹೋದರೆ ಆರು ತಿಂಗಳಾಗುತ್ತದೆ. ಮೇ ತಿಂಗಳವರೆಗೆ ಕಾದು ಪರೀಕ್ಷೆ ಬರೆದರೆ ಬೇಸಿಗೆ ರಜೆಯಲ್ಲಿ ಏನೂ ಕಳೆದುಕೊಳ್ಳದೆ ಬರಬಹುದು. "ಕಾಯಲಿ" ಎಂದು ನಮ್ಮಲ್ಲೇ ಕೆಲವರು ಹೇಳಿದರು. ಬ್ಯಾಂಕಿನ ಸಾಲವನ್ನು ನೆನಪಿಸಿದರು. ಅಣ್ಣ ಏನೂ ಹೇಳಲಿಲ್ಲ. ಹುಡುಗ ಲಿಖಿತ ಒಪ್ಪಿಗೆ ಪಡೆದು ಹೊರಟು ಬಂದ. ತಂದೆಗೆ ಗಂಜಿ ಕುಡಿಸಿದ, ರಾತ್ರಿಯೆಲ್ಲ ಕಾಲು ಒತ್ತಿದ. ಏಪ್ರಿಲ್ ಕೊನೆಯಲ್ಲಿ ಅಣ್ಣ ತೀರಿಕೊಂಡರು.

ಆ ಮೇಲೆ ಹೊಸ ಐ-20 ತರಿಸಿ, ಚೆನ್ನೈಯಲ್ಲಿ ಮತ್ತೆ ಸಂದರ್ಶನಕ್ಕೆ ನಿಂತ. ಓದು ಬಿಟ್ಟದ್ದೇಕೆ ಎಂದು ಕೇಳಿದರಂತೆ. ಕಚೇರಿಯ ಒಪ್ಪಿಗೆ ಪತ್ರವೂ ಆಸ್ಪತ್ರೆಯ ಕಾಗದಗಳೂ ಅವನ ಕೈಯಲ್ಲಿದ್ದವು. ವೀಸಾ ಸಿಕ್ಕಿತು.

ಕಳೆದುಹೋದ ಸೆಮಿಸ್ಟರನ್ನು ಅವನು ಮತ್ತೆ ಓದಿ ತುಂಬಿಕೊಂಡ. ಮೇವರೆಗೆ ಕಾದಿದ್ದರೆ ತಂದೆಯನ್ನು ಎಲ್ಲಿಂದ ತರುವುದು? ಕಾನೂನು ಕಠಿಣವೇ ಸರಿ, ಆದರೆ ಮೊದಲೇ ಹೇಳಿ ಹೊರಟವನಿಗೆ ಮರಳುವ ದಾರಿಯನ್ನು ಅದು ಪೂರ್ತಿ ಮುಚ್ಚಲಿಲ್ಲ. ಮಕ್ಕಳನ್ನು ದೂರ ಕಳಿಸುವ ಮನೆಯವರು ಪೆಟ್ಟಿಗೆಗೆ ಉಪ್ಪಿನಕಾಯಿ ಕಟ್ಟುವಾಗಲೇ ಈ ಒಂದು ಮಾತನ್ನೂ ಹೇಳಿ ಕಳಿಸಬೇಕು: ಟಿಕೆಟ್ ಆಮೇಲೆ, ಮೊದಲು ಕಚೇರಿಗೆ ಹೋಗು.