ಕೊಟ್ಟಿಗೆಯ ಒಣ ನೆಲ

ಅಕ್ಕಲಕೋಟೆಯಿಂದ ಮೈಂದರ್ಗಿಯ ಕಡೆಗೆ ಸಾಗುವ ದಾರಿಯ ಇಬ್ಬದಿಗೂ ಎರೆಹೊಲಗಳಿವೆ. ಅಂಗಡಿಯ ಫಲಕಗಳು ಮರಾಠಿಯಲ್ಲಿರುತ್ತವೆ. ಮನೆಯ ಒಳಗಿನ ಮಾತು ಇಂದಿಗೂ ಕನ್ನಡದ್ದೇ. ಅಂತಹ ಒಂದು ಮನೆಯ ಕೊಟ್ಟಿಗೆಯಲ್ಲಿ ಒಂದು ಜೋಡಿ ಖಿಲಾರಿ ಎತ್ತುಗಳಿದ್ದವು. ಸಗಣಿ ಬಳಿಯುವ ಕೆಲಸ ಮನೆಯ ಮುದುಕಿಯದು. ಬೇಸಿಗೆಯ ಒಂದು ಮುಂಜಾನೆ ಆಕೆ ಬಲಗಡೆಯ ಎತ್ತಿನ ಹಿಂದೆ ನಿಂತು ನೆಲವನ್ನೇ ನೋಡಿದಳು. ‘ಎತ್ತ ರಾತ್ರಿಯೆಲ್ಲ ಉಚ್ಚಿ ಹೊಯ್ದಿಲ್ಲ. ನೆಲ ಒಣಗೇ ಅದ’ ಎಂದಳು.

ಎತ್ತು ಮೇವು ಮುಟ್ಟಿರಲಿಲ್ಲ. ಬಾಲವನ್ನೆತ್ತಿ, ಹಿಂಗಾಲುಗಳನ್ನು ಅಗಲಿಸಿ ತಿಣುಕುತ್ತಿತ್ತು. ಹನಿ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಆಗಾಗ ಹೊಟ್ಟೆಯ ಕಡೆಗೆ ತಿರುಗಿ ನೋಡಿ ಕಾಲು ಝಾಡಿಸುತ್ತಿತ್ತು. ಮಗ ಪಶುವೈದ್ಯರಿಗೆ ದೂರವಾಣಿ ಮಾಡಿದ. ಅವನ ಶಾಲೆ ಮರಾಠಿಯದು. ಅಲ್ಲಿ ಕಲಿತ ‘ಲಘವಿ’ ಎಂಬ ಸಭ್ಯ ಶಬ್ದ ಮನುಷ್ಯರಿಗೆ ಸಲ್ಲುವಂಥದ್ದು. ಎತ್ತಿನ ವಿಷಯದಲ್ಲಿ ಅವ್ವ ಆಡಿದ ಶಬ್ದವನ್ನು ವೈದ್ಯರ ಮುಂದೆ ಮರಾಠಿಗೆ ತಿರುಗಿಸಲು ನಾಲಿಗೆ ಹಿಂಜರಿಯಿತು. ‘ಪೋಟ ಫುಗಲಂಯ’ ಎಂದುಬಿಟ್ಟ. ಹೊಟ್ಟೆ ಉಬ್ಬಿದೆ ಎಂದಷ್ಟೇ ಅದರ ಅರ್ಥ. ಹೊಟ್ಟೆಯುಬ್ಬರಕ್ಕೆ ತಕ್ಕ ಔಷಧ ಬಂತು. ನೆರೆಯವರು ಹುರುಳಿಯ ಕಟ್ಟು ಕುಡಿಸಿದರು.

ಮೂರನೆಯ ಬೆಳಗ್ಗೆ ಎತ್ತು ತಿಣುಕುವುದನ್ನು ನಿಲ್ಲಿಸಿತು; ಶಾಂತವಾಗಿ ನಿಂತಿತು. ಮನೆಯವರು ದೇವರಿಗೆ ಕಾಯಿ ಒಡೆಸಿದರು. ಮುದುಕಿ ಮಾತ್ರ ಮತ್ತೆ ನೆಲ ನೋಡಿದಳು. ಅದು ಹಾಗೆಯೇ ಒಣಗಿತ್ತು. ಆ ದಿನ ಬಂದ ವೈದ್ಯರು ಗುದದ್ವಾರದಿಂದ ಕೈಯಿಳಿಸಿ ಪರೀಕ್ಷಿಸಿದರು. ತುಂಬಿ ಬಿಗಿದಿರಬೇಕಾಗಿದ್ದ ಮೂತ್ರಕೋಶ ಕೈಗೆ ಸಿಗಲಿಲ್ಲ. ಹೊಟ್ಟೆಗೆ ಸೂಜಿ ಚುಚ್ಚಿದಾಗ ಮೂತ್ರದ ವಾಸನೆಯ ನೀರು ಹರಿಯಿತು. ಕೋಶ ಒಡೆದುಹೋಗಿತ್ತು. ಎತ್ತು ಉಳಿಯಲಿಲ್ಲ.

ಈ ರೋಗದ ಕ್ರೂರವಾದ ಮುಖ ಇದೇ. ಮೂತ್ರಮಾರ್ಗ ಪೂರ್ತಿ ಕಟ್ಟಿದರೆ ಸಾಮಾನ್ಯವಾಗಿ ಎರಡು–ಮೂರು ದಿನಗಳಲ್ಲಿ ಕೋಶವೋ ನಾಳವೋ ಒಡೆಯುತ್ತದೆ. ಒಡೆದ ಗಳಿಗೆಯಲ್ಲಿ ಒತ್ತಡ ಇಳಿದು ನೋವು ಕಡಿಮೆಯಾಗುತ್ತದೆ. ನೋಡುವವರಿಗೆ ಅದು ಗುಣದ ಚಿಹ್ನೆಯಂತೆ ತೋರುತ್ತದೆ. ಆದರೆ ಮೂತ್ರಪಿಂಡಗಳು ಹೊರಹಾಕಿದ ವಿಷವೆಲ್ಲ ಹೊಟ್ಟೆಯಲ್ಲಿ ಶೇಖರವಾಗಿ ಮತ್ತೆ ರಕ್ತವನ್ನು ಸೇರುತ್ತಿರುತ್ತದೆ. ಮೂತ್ರವನ್ನು ಹೆಚ್ಚಿಸುವ ಔಷಧವಾಗಲಿ ಮನೆಮದ್ದಾಗಲಿ, ದಾರಿ ಮುಚ್ಚಿದ ಹೊತ್ತಿನಲ್ಲಿ ಒಡಕನ್ನು ಬೇಗನೆ ತಂದೀತು.

ಹರಳುಗಳು ಹಸುವಿನಲ್ಲಿಯೂ ಹುಟ್ಟುತ್ತವೆ. ಆದರೆ ಅದರ ಮೂತ್ರನಾಳ ಗಿಡ್ಡ ಮತ್ತು ಅಗಲ, ಸಣ್ಣ ಹರಳುಗಳು ಹರಿದುಹೋಗುತ್ತವೆ. ಎತ್ತಿನ ನಾಳ ಉದ್ದ, ಕಿರಿದು; ನಡುವೆ ಎಸ್ ಅಕ್ಷರದಂತೆ ಬಾಗಿದೆ. ಹರಳು ಹೆಚ್ಚಾಗಿ ಸಿಕ್ಕಿಕೊಳ್ಳುವುದು ಆ ಬಾಗಿನಲ್ಲಿ. ತೀರ ಎಳೆಯದರಲ್ಲಿಯೇ ಹೋರಿಯ ಬೀಜ ಒಡೆಸಿದರೆ ನಾಳ ಪೂರ್ತಿ ಬೆಳೆಯದೆ ಇನ್ನಷ್ಟು ಇಕ್ಕಟ್ಟಾಗುತ್ತದೆ. ಆಡು–ಕುರಿಗಳ ಗಂಡುಗಳಿಗೂ ಇದೇ ಗಂಡಾಂತರವುಂಟು. ಕಾರಣಗಳಲ್ಲಿ ಮೊದಲನೆಯದು ನೀರಿನ ಕೊರತೆ. ಎರಡನೆಯದು ತಿನಿಸು: ಗೋಧಿಯ ಬೂಸಾ ಮತ್ತು ಕಾಳುಗಳಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಮೇವಿನಲ್ಲಿ ಸುಣ್ಣ ಮತ್ತು ರಂಜಕ 2:1ರ ಪ್ರಮಾಣದಲ್ಲಿದ್ದರೆ ಲೇಸು. ದುಡಿಯುವ ಎತ್ತಿಗೆ ಪ್ರೀತಿಯಿಂದ ಹಾಕಿದ ಬುಟ್ಟಿ ಬೂಸಾ, ನೀರು ಸಾಲದ ಬೇಸಿಗೆಯಲ್ಲಿ, ಕಲ್ಲಾಗಿ ಗಟ್ಟಿಗೊಳ್ಳುತ್ತದೆ.

ಗಂಜಲವನ್ನು ನೋಡಿ ತಿಳಿಯಬೇಕಾದ ರೋಗ ಇದೊಂದೇ ಅಲ್ಲ. ಕರು ಹಾಕಿದ ಹಸು ಬೆನ್ನು ಬಾಗಿಸಿ ಪದೇ ಪದೇ ಸ್ವಲ್ಪ ಸ್ವಲ್ಪವೇ ಹೊಯ್ದರೆ, ಅದರಲ್ಲಿ ಕೀವು, ರಕ್ತ ಕಂಡರೆ, ಸೋಂಕು ಮೂತ್ರಪಿಂಡದವರೆಗೆ ಏರಿರಬಹುದು. ಕಾಫಿಯ ಬಣ್ಣದ ಗಂಜಲ ಉಣ್ಣೆಹುಳು ತಂದ ಜ್ವರದಿಂದ ಬಂದೀತು. ಈಚೆಗೆ ಈದ ಪಂಢರಪುರಿ ಎಮ್ಮೆಯಲ್ಲಾದರೆ ರಂಜಕದ ಕೊರತೆಯಿಂದಲೂ ಬಂದೀತು. ಗಾಜಿನ ಲೋಟದಲ್ಲಿ ಹಿಡಿದಿಟ್ಟರೆ ರಕ್ತವಾದರೆ ಕೆಂಪು ತಳಕ್ಕಿಳಿಯುತ್ತದೆ; ರಕ್ತಕಣಗಳು ಒಡೆದು ಬಂದ ಬಣ್ಣವಾದರೆ ಇಳಿಯದು. ಇಲಿಜ್ವರವಂತೂ ಗಂಜಲದ ಮೂಲಕ ಮನುಷ್ಯರಿಗೂ ದಾಟುತ್ತದೆ. ಕೈಯಲ್ಲಿ ಗಾಯವಿದ್ದವರು ಎಚ್ಚರದಿಂದಿರಬೇಕು. ನಿಂತಿತು, ಹನಿಯಿತು, ಕೆಂಪಾಯಿತು, ಕಪ್ಪಾಯಿತು ಎಂಬ ಒಂದೊಂದು ಕ್ರಿಯಾಪದವೂ ಬೇರೆ ಬೇರೆ ರೋಗದ ಕಡೆಗೆ ಬೆರಳು ತೋರಿಸುತ್ತದೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಸಾಹಿತ್ಯ ಚರಿತ್ರೆಯಲ್ಲಿ ಕೀರ್ತಿವರ್ಮನ ‘ಗೋವೈದ್ಯ’ದ ಹೆಸರನ್ನು ಒಂದು ಸಾಲಿನಲ್ಲಿ ಓದಿ ಮುಂದೆ ಸಾಗುತ್ತಾರೆ. ಆತ ಕಲ್ಯಾಣದ ಚಾಳುಕ್ಯರ ಅರಸುಮನೆತನದವನು. ಕಾಲ ಸುಮಾರು 12ನೆಯ ಶತಮಾನದ ಆದಿಭಾಗ. ಆ ಕಲ್ಯಾಣ, ಇಂದಿನ ಬಸವಕಲ್ಯಾಣ, ಅಕ್ಕಲಕೋಟೆಗೆ ಬಹು ದೂರವಲ್ಲ. ದನದ ರೋಗವನ್ನು ಕನ್ನಡದಲ್ಲಿ ಹೇಳುವುದು ಅರಸುಮಗನಿಗೆ ಕೀಳೆಂದು ತೋರಲಿಲ್ಲ. ಒಂಬೈನೂರು ವರ್ಷಗಳ ಬಳಿಕ, ಅದೇ ನೆಲದ ಹುಡುಗನಿಗೆ ಅವ್ವನ ಮಾತು ನಾಚಿಕೆಯ ಮಾತಾಯಿತು. ದೋಷ ಮರಾಠಿಯದಲ್ಲ, ಅಲ್ಲಿಯೂ ‘ಮುತಖಡಾ’ ಎಂಬ ನೇರವಾದ ಶಬ್ದವಿದೆ, ಹಳ್ಳಿಯ ಮುದುಕಿಯರು ಅಲ್ಲಿಯೂ ನೆಲ ನೋಡುತ್ತಾರೆ. ಎರಡು ಭಾಷೆ ಬಲ್ಲವನು ಎರಡರಲ್ಲಿಯೂ ಬರಿಯ ಸಭ್ಯ ಶಬ್ದಗಳನ್ನು ಉಳಿಸಿಕೊಂಡರೆ, ಅವಸರದ ಹೊತ್ತಿಗೆ ಅವನ ಬಳಿ ಎರಡೂ ಇರುವುದಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಜೋಡಿಯ ಇನ್ನೊಂದು ಎತ್ತು ತಿಣುಕತೊಡಗಿತು. ಅದೇ ನೀರು, ಅದೇ ಬೂಸಾ, ಆಶ್ಚರ್ಯಪಡುವಂಥದ್ದಲ್ಲ. ಈ ಸಲ ಮಗ ಮೊದಲ ವಾಕ್ಯದಲ್ಲಿಯೇ ಹೇಳಿದ: ನಿನ್ನೆ ಸಂಜೆಯಿಂದ ಎತ್ತು ಮೂತ್ರ ಮಾಡಿಲ್ಲ, ನೆಲ ಒಣಗಿದೆ, ಅವ್ವ ನೋಡಿದ್ದಾಳೆ. ವೈದ್ಯರು ಮಧ್ಯಾಹ್ನದೊಳಗೆ ಬಂದರು. ಹೊಟ್ಟೆಯ ಬದಿಯಿಂದ ಮೂತ್ರಕೋಶಕ್ಕೆ ನಳಿಕೆಯಿಟ್ಟು ದಾರಿ ಮಾಡಿದರು. ಹರಳು ಕರಗಲು ಅಮೋನಿಯಂ ಕ್ಲೋರೈಡ್ ಕೊಟ್ಟರು. ಕೆಲವು ದಿನಗಳ ಬಳಿಕ ಸಹಜ ದಾರಿಯಿಂದಲೇ ಗಂಜಲ ಬಿದ್ದ ಸದ್ದು ಕೇಳಿ ಮುದುಕಿ ಕಸಬರಿಗೆ ಬಿಟ್ಟು ಓಡಿಬಂದಳು.

ಈಗ ಆ ಮನೆಯಲ್ಲಿ ಬೂಸಾ ಕಡಿಮೆಯಾಗಿದೆ. ಜೋಳದ ಕಣಿಕೆಯ ಜೊತೆಗೆ ಹಸಿಮೇವಿದೆ. ದಾಹ ಹೆಚ್ಚಲೆಂದು ಮೇವಿಗೆ ಒಂದಿಷ್ಟು ಉಪ್ಪು ಬೀಳುತ್ತದೆ. ಕಲ್ಲಿನ ದೋಣಿ ಹಗಲಿರುಳು ತುಂಬಿರುತ್ತದೆ. ಸಂಕ್ರಾಂತಿಗೆ ಮನೆಯವರು ಸೊಲ್ಲಾಪುರದ ಗಡ್ಡಾ ಜಾತ್ರೆಗೆ ಹೋಗುತ್ತಾರೆ. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ ಊರದು. ಬರದ ಸೀಮೆಯಲ್ಲಿ ಜೀವಿಗಳಿಗೆ ಮೊದಲು ಬೇಕಾದುದು ನೀರೆಂಬುದನ್ನು ಆತ ಬಲ್ಲವನಾಗಿದ್ದ. ಮುದುಕಿ ಕೆರೆಯ ದಂಡೆಯಲ್ಲಿ ಕೈಮುಗಿದು ಮರುದಿನವೇ ಹಿಂತಿರುಗುತ್ತಾಳೆ. ಬಂದವಳು ಮೊದಲು ಹೋಗುವುದು ಕೊಟ್ಟಿಗೆಗೆ. ಎತ್ತಿನ ಮುಖವನ್ನು ಆಮೇಲೆ ನೋಡುತ್ತಾಳೆ, ನೆಲವನ್ನು ಮೊದಲು.