ಮಂಡಿನೋವಿನ ಹಿಂದೆ

ವಯಸ್ಸಾದವರ ನೋವಿಗೆ ನಮ್ಮ ಮನೆಗಳಲ್ಲಿ ಉತ್ತರ ಮೊದಲೇ ಸಿದ್ಧವಿರುತ್ತದೆ. ಮಂಡಿ ನೋವಾದರೆ ವಾಯು, ವಾಂತಿಯಾದರೆ ಗ್ಯಾಸ್ಟ್ರಿಕ್. ನನ್ನ ವಾರ್ಡಿಗೆ ಬಂದ 82ರ ಅಜ್ಜಿಗೆ ಎರಡೂ ಇದ್ದವು.

"ಮೂರು ದಿನದಿಂದ ಏನು ತಿಂದರೂ ವಾಂತಿ ಡಾಕ್ಟ್ರೇ, ಹೊಟ್ಟೆ ಉಬ್ಬಿದೆ" ಎಂದರು ಸೊಸೆ. ಮಂಡಿಯ ವಿಷಯ ಹೇಳಲಿಲ್ಲ, ಅದು ಹಳೆಯ ಕತೆ. ಎಕ್ಸ್‌ರೇಯಲ್ಲಿ ಸಣ್ಣ ಕರುಳು ಕಟ್ಟಿಕೊಂಡಿದ್ದು ಕಂಡಿತು, ಕಾರಣ ಕಾಣಲಿಲ್ಲ. ಹಿಂದೆ ಹೊಟ್ಟೆಯ ಆಪರೇಷನ್ ಆಗಿರಲಿಲ್ಲ. ತೊಡೆಸಂದಿಯಲ್ಲಿ ಗಂಟೂ ಇರಲಿಲ್ಲ.

ಅಜ್ಜಿ ಬಲಗಾಲು ಮಡಚಿಕೊಂಡೇ ಮಲಗಿದ್ದರು. ನೆಟ್ಟಗೆ ಮಾಡಲು ಹೋದರೆ, "ಬೇಡ ಮಗಾ, ಸೆಳೀತದೆ" ಎಂದು ನನ್ನ ಕೈ ಹಿಡಿದರು. ಎಲ್ಲಿ ಎಂದು ಕೇಳಿದೆ. ತೊಡೆಯ ಒಳಮಗ್ಗುಲಿನಿಂದ ಮಂಡಿಯವರೆಗೆ ಬೆರಳಿನಲ್ಲಿ ಗೆರೆ ಎಳೆದು ತೋರಿಸಿದರು.

ಆ ಗೆರೆಗೆ ವೈದ್ಯಕೀಯದಲ್ಲಿ ಹೌಷಿಪ್-ರಾಂಬರ್ಗ್ ಚಿಹ್ನೆ ಎಂಬ ಹೆಸರಿದೆ. ಸೊಂಟದ ಮೂಳೆಯ ಕೆಳಭಾಗದಲ್ಲಿ ಪೊರೆ ಮುಚ್ಚಿದ ರಂಧ್ರವೊಂದಿದೆ. ಆ ಪೊರೆಯ ಮೇಲಂಚಿನ ಕಿರಿದಾದ ದಾರಿಯಲ್ಲಿ ಆಬ್ಟುರೇಟರ್ ನರ ತೊಡೆಗೆ ಇಳಿಯುತ್ತದೆ. ಉಳಿದ ಜಾಗವನ್ನು ಕೊಬ್ಬು ತುಂಬಿರುತ್ತದೆ. ಮೈ ಸೊರಗಿದಾಗ ಆ ಕೊಬ್ಬು ಕರಗಿ, ಕರುಳು ಅಲ್ಲಿ ನುಸುಳಿ ಸಿಕ್ಕಿಕೊಂಡು ನರವನ್ನು ಒತ್ತಬಹುದು. ಇದೇ ಆಬ್ಟುರೇಟರ್ ಹರ್ನಿಯಾ. ಸ್ನಾಯುಗಳ ಅಡಿಯಲ್ಲಿರುವುದರಿಂದ ಹೊರಗೆ ಉಬ್ಬು ಕಾಣುವುದು ಅಪರೂಪ. ಹೆಂಗಸರ ಸೊಂಟ ಅಗಲವಾದ್ದರಿಂದ, ಹಲವು ಹೆರಿಗೆ ಕಂಡ ಬಡಕಲು ಮೈಯ ಮುದುಕಿಯರಲ್ಲೇ ಇದು ಹೆಚ್ಚು. ಇಂಗ್ಲಿಷಿನಲ್ಲಿ 'ಪುಟ್ಟ ಮುದುಕಿಯ ಹರ್ನಿಯಾ' ಎಂಬ ಅಡ್ಡಹೆಸರೇ ಇದೆ.

ಸಿಟಿ ಸ್ಕ್ಯಾನ್ ಅನುಮಾನವನ್ನು ಖಚಿತಪಡಿಸಿತು. ಮಗ ನನ್ನನ್ನು ಪಕ್ಕಕ್ಕೆ ಕರೆದು, "ಈ ವಯಸ್ಸಲ್ಲಿ ಆಪರೇಷನ್ ಬೇಕಾ ಸಾರ್?" ಎಂದರು. ಕ್ರೂರತನದ ಮಾತಲ್ಲ ಅದು, ಭಯದ್ದು. ಅಪಾಯವಿದೆ ಎಂದೆ. ಸಿಕ್ಕಿಕೊಂಡ ಕರುಳು ಕೊಳೆತು ತೂತಾದರೆ ಉಳಿಸುವುದು ಕಷ್ಟ ಎಂದೂ ಹೇಳಿದೆ. ಅವರು ಅಮ್ಮನನ್ನೇ ಕೇಳಿದರು. "ಮಾಡಿಸು, ನೋವು ತಡಿಯಕ್ಕಾಗಲ್ಲ" ಎಂದರು ಅಜ್ಜಿ.

ಆ ರಾತ್ರಿ ಕಪ್ಪಾಗಿದ್ದ ನಾಲ್ಕು ಬೆರಳುದ್ದದ ಕರುಳನ್ನು ತೆಗೆದು, ತುದಿಗಳನ್ನು ಸೇರಿಸಿ, ರಂಧ್ರ ಮುಚ್ಚಿದೆವು. ಹನ್ನೆರಡನೇ ದಿನ ಅಜ್ಜಿ ಮನೆಗೆ ಹೋದರು.

ಹೊರಡುವ ಮುನ್ನ ಸೊಸೆ ಒಂದು ಮಾತು ಹೇಳಿದರು. ವರ್ಷದಿಂದ ಆಗಾಗ ವಾಂತಿಯಾಗುತ್ತಿತ್ತಂತೆ, ಅದೇ ದಿನಗಳಲ್ಲಿ ಬಲಮಂಡಿಯೂ ನೋಯುತ್ತಿತ್ತಂತೆ. ಒಂದಕ್ಕೆ ಎಣ್ಣೆ, ಇನ್ನೊಂದಕ್ಕೆ ಮಾತ್ರೆ. ಆಮೇಲೆ ಎರಡೂ ತಾವಾಗಿಯೇ ಹೋಗುತ್ತಿದ್ದವು. ಇಂಥ ಹರ್ನಿಯಾದಲ್ಲಿ ಕರುಳು ಸಿಕ್ಕಿ, ತಾನೇ ಬಿಡಿಸಿಕೊಳ್ಳುವುದೂ ಉಂಟು. ನಿಮ್ಮ ಮನೆಯ ಹಿರಿಯರನ್ನು ಹೊಟ್ಟೆನೋವಿಗೆಂದು ಕರೆದೊಯ್ದಾಗ, ಕಾಲಿನ ನೋವನ್ನೂ ಹೇಳಿ. ಸಂಬಂಧ ಇದೆಯೋ ಇಲ್ಲವೋ ಡಾಕ್ಟರು ನೋಡಿಕೊಳ್ಳಲಿ.